ಟೆಸ್ಟ್ ಜಾಸ್ತಿಯಾದರೆ ಸುರಕ್ಷತೆಯೂ ಜಾಸ್ತಿಯೇ?

1979ರ ಮಾರ್ಚ್ 28, ಬೆಳಗಿನ ಜಾವ ನಾಲ್ಕು ಗಂಟೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ಥ್ರೀ ಮೈಲ್ ಐಲ್ಯಾಂಡ್ ಅಣು ಸ್ಥಾವರದ ಎರಡನೇ ಘಟಕದಲ್ಲಿ, ಹಬೆ ತಯಾರಿಸುವ ಸ್ಟೀಮ್ ಜನರೇಟರಿಗೆ ನೀರೂಡಿಸುವ ಮುಖ್ಯ ಫೀಡ್‌ವಾಟರ್ ಪಂಪುಗಳು ನಿಂತುಹೋದವು. ಇಂಥ ಹೊತ್ತಿಗೆಂದೇ ಇಟ್ಟಿದ್ದ ತುರ್ತು ಪಂಪುಗಳು ತಾವಾಗಿಯೇ ಶುರುವಾದವು. ಆದರೆ ನೀರು ಸ್ಟೀಮ್ ಜನರೇಟರ್ ತಲುಪಲಿಲ್ಲ. ದಾರಿಯಲ್ಲಿದ್ದ ಎರಡು ವಾಲ್ವುಗಳು ಮುಚ್ಚಿದ್ದವು. ಅದು ಆಪರೇಟರ್ ಕಣ್ಣಿಗೆ ಬೀಳಲು ಎಂಟು ನಿಮಿಷ ಬೇಕಾಯಿತು. ಎರಡು ದಿನ ಹಿಂದಷ್ಟೇ ಆ ವ್ಯವಸ್ಥೆಯ ಟೆಸ್ಟ್ ನಡೆದಿತ್ತು. ಟೆಸ್ಟಿಗೆಂದು ಮುಚ್ಚಿದ ವಾಲ್ವುಗಳನ್ನು ಮತ್ತೆ ತೆರೆಯುವುದು ಮರೆತುಹೋಗಿರಬಹುದು ಎಂಬ ಅನುಮಾನ ಬಲವಾಗಿತ್ತು.

ಆ ಅಪಘಾತಕ್ಕೆ ದೊಡ್ಡ ಕಾರಣ ಇದಲ್ಲ. ತೆರೆದುಕೊಂಡ ಮೇಲೆ ಮುಚ್ಚದೆ ಉಳಿದ ಬೇರೊಂದು ವಾಲ್ವ್, ಅದು ಗೊತ್ತಾಗದೆ ಕೋರಿಗೆ, ಅಂದರೆ ಇಂಧನವಿರುವ ರಿಯಾಕ್ಟರಿನ ಒಡಲಿಗೆ, ಹೋಗುತ್ತಿದ್ದ ತುರ್ತು ನೀರನ್ನು ತಗ್ಗಿಸಿದ್ದು, ಇವು ಕೋರ್ ಕರಗಲು ಕಾರಣ. ಆದರೂ ನನ್ನ ಕಸುಬಿನವರು ಆ ಎಂಟು ನಿಮಿಷವನ್ನು ಪದೇ ಪದೇ ನೆನೆಯುತ್ತೇವೆ. ಸುರಕ್ಷತಾ ಉಪಕರಣಗಳನ್ನು ಎಷ್ಟು ದಿನಕ್ಕೊಮ್ಮೆ ಟೆಸ್ಟ್ ಮಾಡಬೇಕು ಎಂಬ ಲೆಕ್ಕ ಹಾಕುವುದು, ಆ ಅವಧಿ ಬದಲಿಸಲು ಬರುವ ಫೈಲುಗಳನ್ನು ಓದಿ ಅಭಿಪ್ರಾಯ ಬರೆಯುವುದು ನನ್ನ ಕೆಲಸ. ಹೊರಗಿನವರು ಕೇಳುವ ಪ್ರಶ್ನೆ ಯಾವಾಗಲೂ ಒಂದೇ: "ಟೆಸ್ಟ್ ಅವಧಿ ಜಾಸ್ತಿ ಮಾಡೋದು ಅಂದ್ರೆ ಸುಮ್ನೆ ಖರ್ಚು ಉಳಿಸೋಕೆ ಅಲ್ವಾ?" ಖರ್ಚಿನ ಮಾತು ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಕಡಿಮೆ ಟೆಸ್ಟ್ ಮಾಡುವುದೇ ಹೆಚ್ಚು ಸುರಕ್ಷಿತ ಎನ್ನುವ ಸಂದರ್ಭಗಳೂ ನಿಜವಾಗಿ ಇವೆ.

ಸ್ಥಾವರದ ಬಹುಪಾಲು ಸುರಕ್ಷತಾ ಉಪಕರಣಗಳು ಸ್ಟ್ಯಾಂಡ್‌ಬೈನಲ್ಲಿ ಇರುತ್ತವೆ. ತುರ್ತು ಡೀಸೆಲ್ ಜನರೇಟರ್, ಕೋರಿಗೆ ನೀರು ನುಗ್ಗಿಸುವ ಪಂಪು, ರಿಯಾಕ್ಟರನ್ನು ಸುತ್ತುವರಿದ ಕಂಟೈನ್‌ಮೆಂಟ್ ಕಟ್ಟಡವನ್ನು ಮುಚ್ಚುವ ವಾಲ್ವುಗಳು, ಎಲ್ಲವೂ ವರ್ಷಗಟ್ಟಲೆ ಸುಮ್ಮನೆ ಕೂತಿರುತ್ತವೆ. ಓಡುವ ಪಂಪು ಕೆಟ್ಟರೆ ಆ ಕ್ಷಣವೇ ಗೊತ್ತಾಗುತ್ತದೆ. ಕೂತ ಪಂಪು ಕೆಟ್ಟರೆ ಗೊತ್ತಾಗುವುದು ಮುಂದಿನ ಟೆಸ್ಟಿನಲ್ಲಿ, ಇಲ್ಲವೇ ನಿಜವಾಗಿ ಬೇಕಾದ ದಿನ. ಹಾಗಾಗಿ ಟೆಸ್ಟಿಗೂ ಟೆಸ್ಟಿಗೂ ನಡುವಿನ ಅಂತರ ಹೆಚ್ಚಿದಷ್ಟೂ ಅಡಗಿದ ದೋಷಕ್ಕೆ ಜಾಗ ಹೆಚ್ಚು. ಇದು ಲೆಕ್ಕದ ಒಂದು ಕಡೆ. ಇನ್ನೊಂದು ಕಡೆ ಏನೆಂದರೆ, ಎಷ್ಟೋ ಟೆಸ್ಟುಗಳಲ್ಲಿ ಉಪಕರಣವನ್ನು ಅದರ ಸ್ಥಾನದಿಂದ ಹೊರಗೆ ತೆಗೆಯಬೇಕಾಗುತ್ತದೆ. ವಾಲ್ವ್ ತಿರುಗಿಸಬೇಕು, ಸ್ವಿಚ್ ಬದಲಿಸಬೇಕು. ಆ ಕೆಲವು ಗಂಟೆ ಅದು ಲಭ್ಯವಿಲ್ಲ.

ಒಂದು ಉದಾಹರಣೆ ನೋಡೋಣ. ಅಂಕಿ ನಾನೇ ಹಾಕಿಕೊಂಡದ್ದು, ಲೆಕ್ಕ ಮಾತ್ರ ನಿಜ. ಕೂತಲ್ಲೇ ಕೆಡುವ ಪ್ರಮಾಣ ಒಂದು ಲಕ್ಷ ಗಂಟೆಗೆ ಒಮ್ಮೆ ಇರುವ ಪಂಪು ಅಂದುಕೊಳ್ಳಿ. ಪ್ರತಿ ಟೆಸ್ಟಿಗೆ ಮೂರು ಗಂಟೆ ಅದು ಸೇವೆಯಿಂದ ಹೊರಗೆ. ವಾರಕ್ಕೊಮ್ಮೆ ಟೆಸ್ಟ್ ಮಾಡಿದರೆ ಬೇಕಾದಾಗ ಪಂಪು ಸಿಗದಿರುವ ಸರಾಸರಿ ಸಾಧ್ಯತೆ ಶೇ 1.9ರಷ್ಟು. ತಿಂಗಳಿಗೊಮ್ಮೆ ಮಾಡಿದರೆ ಶೇ 0.8. ಮೂರು ತಿಂಗಳಿಗೊಮ್ಮೆಯಾದರೆ ಶೇ 1.2. ವರ್ಷಕ್ಕೊಮ್ಮೆಯಾದರೆ ಶೇ 4.4. ವಾರದ ಟೆಸ್ಟು ಮೂರು ತಿಂಗಳ ಟೆಸ್ಟಿಗಿಂತ ಕೆಟ್ಟದ್ದು ಎಂದು ಇಲ್ಲಿ ಅಂಕಿಯೇ ಹೇಳುತ್ತಿದೆ. ಇನ್ನೊಂದು ವಿಷಯವನ್ನೂ ಗಮನಿಸಿ. ಮೂರು ವಾರ, ಒಂದು ತಿಂಗಳು, ಆರು ವಾರ, ಈ ಮೂರರಲ್ಲಿ ಯಾವುದನ್ನು ಆರಿಸಿದರೂ ಉತ್ತರ ಹೆಚ್ಚುಕಮ್ಮಿ ಶೇ 0.8ರ ಸುತ್ತಲೇ ಇರುತ್ತದೆ. ಅಂದರೆ 31 ದಿನವೋ 35 ದಿನವೋ ಎಂದು ಜಗಳವಾಡುವುದರಲ್ಲಿ ಅರ್ಥವಿಲ್ಲ. ಜಗಳ ಆಡಬೇಕಾದ್ದು ಆ "ಲಕ್ಷ ಗಂಟೆಗೆ ಒಮ್ಮೆ" ಎಂಬ ಅಂಕಿ ಎಲ್ಲಿಂದ ಬಂತು ಎಂಬುದರ ಮೇಲೆ.

ಈ ಲೆಕ್ಕದಲ್ಲಿ ಸವೆತ ಸೇರಿಲ್ಲ. ಅದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಡೀಸೆಲ್ ಜನರೇಟರುಗಳ ಕಥೆ ಸಾಕು. ತುರ್ತು ಡೀಸೆಲ್ ಸಾಮಾನ್ಯವಾಗಿ ಹತ್ತು ಸೆಕೆಂಡಿನಲ್ಲಿ ಪೂರ್ತಿ ವೇಗಕ್ಕೆ ಬರಬೇಕು. ತಣ್ಣಗಿರುವ ಭಾರಿ ಎಂಜಿನ್ನನ್ನು ಬೇರಿಂಗಿಗೆ ಎಣ್ಣೆ ಸರಿಯಾಗಿ ತಲುಪುವ ಮೊದಲೇ ಹಾಗೆ ಎಬ್ಬಿಸಿದರೆ ಅದು ಸವೆಯುತ್ತದೆ. ಎನ್‌ಆರ್‌ಸಿ, ಅಂದರೆ ಅಮೆರಿಕದ ಅಣು ನಿಯಂತ್ರಣ ಆಯೋಗ, 1977ರ ಮಾರ್ಗಸೂಚಿಯಲ್ಲಿ ಒಂದು ಪಟ್ಟಿ ಕೊಟ್ಟಿತ್ತು. ಕಳೆದ 100 ಟೆಸ್ಟುಗಳಲ್ಲಿ ಹೆಚ್ಚೆಂದರೆ ಒಂದು ಸಲ ವಿಫಲವಾಗಿದ್ದರೆ 31 ದಿನಕ್ಕೊಮ್ಮೆ ಟೆಸ್ಟ್. ಎರಡು ಸಲವಾದರೆ 14 ದಿನ. ಮೂರಾದರೆ 7 ದಿನ. ನಾಲ್ಕು ಅಥವಾ ಅದಕ್ಕಿಂತ ಜಾಸ್ತಿಯಾದರೆ ಮೂರು ದಿನಕ್ಕೊಮ್ಮೆ! ಕೇಳಲು ತರ್ಕಬದ್ಧವಾಗಿಯೇ ಇದೆ, ನಂಬಿಕೆ ಕಡಿಮೆಯಾದರೆ ನಿಗಾ ಹೆಚ್ಚಲಿ ಎಂದು. ಆದರೆ ಸೋತ ಎಂಜಿನ್ನಿಗೆ ಮೂರು ದಿನಕ್ಕೊಮ್ಮೆ ಅದೇ ಪೆಟ್ಟು ಕೊಟ್ಟಂತಾಯಿತು. 1984ರಲ್ಲಿ ಆಯೋಗವೇ ಪತ್ರ ಬರೆದು ತಣ್ಣನೆಯ ವೇಗದ ಸ್ಟಾರ್ಟುಗಳನ್ನು ಕಡಿಮೆ ಮಾಡಿ ಎಂದಿತು. 1994ರಲ್ಲಿ, ವಿಫಲವಾದಷ್ಟೂ ಪದೇ ಪದೇ ಮಾಡಿಸುವ ಈ ಟೆಸ್ಟುಗಳನ್ನು ಲೈಸೆನ್ಸ್ ಷರತ್ತುಗಳಿಂದ ತೆಗೆಯಲು ದಾರಿ ಮಾಡಿಕೊಟ್ಟಿತು. ಈಗ ಅಲ್ಲಿ ಸಾಮಾನ್ಯ ಪದ್ಧತಿ ಹೀಗಿದೆ: ತಿಂಗಳ ಟೆಸ್ಟಿನಲ್ಲಿ ಮೊದಲು ಎಣ್ಣೆ ಹರಿಸಿ, ನಿಧಾನಕ್ಕೆ ವೇಗ ಏರಿಸಬಹುದು. ಹತ್ತು ಸೆಕೆಂಡಿನ ಕಠಿಣ ಸ್ಟಾರ್ಟ್ 184 ದಿನಕ್ಕೊಮ್ಮೆ.

ಈ ತಿದ್ದುಪಡಿಗೆ ಅಷ್ಟು ವರ್ಷ ಬೇಕಾದದ್ದು ನನಗೆ ಆಶ್ಚರ್ಯವಲ್ಲ. ನಿಯಂತ್ರಕರಿಗೆ ಟೆಸ್ಟ್ ಸೇರಿಸುವುದು ಸುಲಭ, ತೆಗೆಯುವುದು ಕಷ್ಟ. ಸೇರಿಸಿದವರನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ.

ಅವಧಿಯನ್ನು ಹೇಗೆ ತೂಗಬೇಕು ಎಂಬುದನ್ನು ಚೆನ್ನಾಗಿ ಹೇಳಿದ ದಾಖಲೆ ಹುಟ್ಟಿದ್ದು ನ್ಯೂಜೆರ್ಸಿಯ ಸೇಲಂ ಸ್ಥಾವರದ ಘಟನೆಯಿಂದ. 1983ರ ಫೆಬ್ರವರಿ 25ರಂದು ರಿಯಾಕ್ಟರ್ ನಿಲ್ಲಿಸುವ ಸಿಗ್ನಲ್ ಬಂತು, ಆದರೆ ವಿದ್ಯುತ್ ಕಡಿದು ರಿಯಾಕ್ಟರ್ ನಿಲ್ಲಿಸುವ ಎರಡು ಟ್ರಿಪ್ ಬ್ರೇಕರುಗಳೂ ತೆರೆಯಲಿಲ್ಲ. ಅರ್ಧ ನಿಮಿಷದೊಳಗೆ ಆಪರೇಟರ್ ಕೈಯಾರೆ ನಿಲ್ಲಿಸಿದರು. ಆಮೇಲೆ ಹುಡುಕಿದಾಗ ಗೊತ್ತಾದದ್ದು, ಮೂರು ದಿನ ಹಿಂದೆ, 22ರಂದೂ ಹೀಗೇ ಆಗಿತ್ತು ಎಂದು. ಅಂದು ಆಪರೇಟರ್ ಅದೇ ಹೊತ್ತಿಗೆ ಕೈಯಾರೆ ನಿಲ್ಲಿಸಿದ್ದರಿಂದ ಯಾರ ಗಮನಕ್ಕೂ ಬಂದಿರಲಿಲ್ಲ. ಸ್ವಯಂಚಾಲಿತ ಸಿಗ್ನಲ್ ಬ್ರೇಕರಿನ ಒಂದು ಸಣ್ಣ ಭಾಗದ ಮೇಲೆ ನಿಂತಿತ್ತು, ಅದು ಸಿಕ್ಕಿಹಾಕಿಕೊಂಡಿತ್ತು. ಎಣ್ಣೆ ಹಾಕುವುದರಿಂದ ಹಿಡಿದು ನಿರ್ವಹಣೆ ಸರಿಯಿರಲಿಲ್ಲ. ಕೈಯಿಂದ ಒತ್ತಿದಾಗ ಬೇರೊಂದು ಕಾಯಿಲ್ ಕೂಡ ಕೆಲಸ ಮಾಡುತ್ತದೆ, ಅದೇ ಕಾಪಾಡಿತು.

ಅದೇ ವರ್ಷ ಆಯೋಗ ಎಲ್ಲ ಸ್ಥಾವರಗಳಿಗೂ ಪತ್ರ ಬರೆಯಿತು. "ಇನ್ನು ಮೇಲೆ ಜಾಸ್ತಿ ಟೆಸ್ಟ್ ಮಾಡಿ" ಎಂದಷ್ಟೇ ಹೇಳಿ ಕೈತೊಳೆದುಕೊಳ್ಳಲಿಲ್ಲ. ಬ್ರೇಕರಿನ ಆ ಸಣ್ಣ ಭಾಗ, ಆ ಇನ್ನೊಂದು ಕಾಯಿಲ್, ಈ ಎರಡು ದಾರಿಗಳನ್ನೂ ಬೇರೆ ಬೇರೆಯಾಗಿ ಟೆಸ್ಟ್ ಮಾಡಿ ಎಂದಿತು. ಅವಧಿ ಸರಿಯಿದೆಯೇ ಎಂದು ಮರುಪರಿಶೀಲಿಸಿ ಎಂದೂ ಹೇಳಿತು. ಹಾಗೆ ಪರಿಶೀಲಿಸುವಾಗ ವೈಫಲ್ಯದ ಅಂಕಿಗಳು ಎಷ್ಟು ಅನಿಶ್ಚಿತ, ಒಂದೇ ಕಾರಣಕ್ಕೆ ಎಲ್ಲವೂ ಒಟ್ಟಿಗೆ ಕೆಡುವ ಸಾಧ್ಯತೆ ಎಷ್ಟು, ಟೆಸ್ಟ್ ನಡೆಯುವಾಗ ರಕ್ಷಣೆ ಎಷ್ಟು ತೆಳುವಾಗುತ್ತದೆ, ಆಪರೇಟರ್ ತಪ್ಪು ಮಾಡುವ ಅವಕಾಶ ಎಷ್ಟು, ಟೆಸ್ಟಿನಿಂದಲೇ ಎಷ್ಟು ಸವೆಯುತ್ತದೆ ಎಂಬುದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಲು ಸೂಚಿಸಿತು. ನಲವತ್ತು ವರ್ಷ ಕಳೆದರೂ ನಾನು ಫೈಲ್ ಓದುವುದು ಈ ಐದನ್ನು ಇಟ್ಟುಕೊಂಡೇ.

ಟೆಸ್ಟ್ ನಡೆಯುವಾಗ ಇನ್ನೊಂದು ತೊಂದರೆಯೂ ಇದೆ. ಅಪಾಯವನ್ನು ಅಳೆದು ಸಿಗ್ನಲ್ ಕೊಡುವ ನಾಲ್ಕು ಚಾನೆಲ್‌ಗಳಲ್ಲಿ ಯಾವುದಾದರೂ ಎರಡು ಅಪಾಯ ಅಂದರೆ ರಿಯಾಕ್ಟರ್ ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. ಟೆಸ್ಟಿಗಾಗಿ ಒಂದನ್ನು ಟ್ರಿಪ್ ಸ್ಥಿತಿಗೆ, ಅಂದರೆ ಅಪಾಯ ಎಂದು ಹೇಳುತ್ತಿರುವ ಸ್ಥಿತಿಗೆ, ಹಾಕಿದರೆ, ಉಳಿದ ಮೂರರಲ್ಲಿ ಒಂದು ಸುಳ್ಳು ಸಿಗ್ನಲ್ ಬಂದರೂ ಸಾಕು, ಓಡುತ್ತಿದ್ದ ರಿಯಾಕ್ಟರ್ ನಿಲ್ಲುತ್ತದೆ. ಪೂರ್ತಿ ಶಕ್ತಿಯಲ್ಲಿರುವ ಸ್ಥಾವರ ಏಕಾಏಕಿ ನಿಲ್ಲುವುದು ಪುಕ್ಕಟೆ ಅಲ್ಲ. ಅದೇ ತುರ್ತು ಉಪಕರಣಗಳನ್ನು ಕೆಲಸಕ್ಕೆ ಕರೆಯುವ ಘಟನೆ ಅದು. 1980ರ ದಶಕದಲ್ಲಿ ಇಂಥ ಎಷ್ಟೋ ಚಾನೆಲ್ ಟೆಸ್ಟುಗಳು ತಿಂಗಳಿಂದ ಮೂರು ತಿಂಗಳಿಗೆ ಹೋದದ್ದರ ಹಿಂದೆ ಈ ಕಾರಣವೂ ಇತ್ತು.

ಅವಧಿಯ ಚರ್ಚೆಯಲ್ಲಿ ಮುಳುಗಿದವರು ಮರೆಯುವ ಒಂದು ಮಾತಿದೆ: ಟೆಸ್ಟ್ ಏನನ್ನು ಪರೀಕ್ಷಿಸುತ್ತಿದೆ? 1985ರ ಜೂನ್ 9ರಂದು ಒಹಾಯೋದ ಡೇವಿಸ್-ಬೆಸಿ ಸ್ಥಾವರದಲ್ಲಿ ಫೀಡ್‌ವಾಟರ್ ಪೂರ್ತಿ ನಿಂತಿತು. ತುರ್ತು ಫೀಡ್‌ವಾಟರ್ ದಾರಿಯ ಎರಡು ಮೋಟಾರ್ ವಾಲ್ವುಗಳು ತಪ್ಪಾಗಿ ಮುಚ್ಚಿಕೊಂಡವು. ಮತ್ತೆ ತೆರೆಯಲು ಹೋದರೆ ನೀರಿನ ಒತ್ತಡಕ್ಕೆ ಎದುರಾಗಿ ತೆರೆಯಲೇ ಇಲ್ಲ. ಸಿಬ್ಬಂದಿ ಓಡಿಹೋಗಿ ಕೈಯಿಂದ ತಿರುಗಿಸಿದರು. ಒತ್ತಡವಿಲ್ಲದೆ ಆಡಿಸಿ ನೋಡುವ ಟೆಸ್ಟನ್ನು ಇಂಥ ವಾಲ್ವ್ ದಿನಾ ಪಾಸ್ ಮಾಡಬಹುದು. ಅವಧಿ ಒಂದು ದಿನವಾಗಿದ್ದರೂ ಈ ದೋಷ ಸಿಗುತ್ತಿರಲಿಲ್ಲ.

ಇದರ ತಮ್ಮನಂಥ ಇನ್ನೊಂದು ಸಮಸ್ಯೆಗೆ ನಮ್ಮಲ್ಲಿ ಪ್ರೀಕಂಡಿಷನಿಂಗ್ ಎನ್ನುತ್ತೇವೆ. ಬೆಳಿಗ್ಗೆ ವಾಲ್ವಿನ ದಂಡಕ್ಕೆ ಗ್ರೀಸ್ ಹಚ್ಚಿ, ಎರಡು ಸಲ ಆಡಿಸಿ, ಮಧ್ಯಾಹ್ನ ಟೆಸ್ಟ್ ಮಾಡುವುದು. ಪಾಸಾಗದೆ ಇರುತ್ತದೆಯೇ? ಯಾರೂ ಮೋಸ ಮಾಡಬೇಕೆಂದು ಮಾಡುವುದಲ್ಲ, ಕೆಲಸದ ವೇಳಾಪಟ್ಟಿಯೇ ಎಷ್ಟೋ ಸಲ ಹಾಗೆ ಕೂತಿರುತ್ತದೆ. ಆದರೆ ನಮಗೆ ಬೇಕಾದ್ದು ನಿನ್ನೆ ರಾತ್ರಿ ಕರೆದಿದ್ದರೆ ಆ ವಾಲ್ವ್ ಬರುತ್ತಿತ್ತೇ ಎಂಬ ಉತ್ತರ. ಗ್ರೀಸ್ ಹಚ್ಚಿದ ಮೇಲೆ ಆ ಉತ್ತರ ಅಳಿಸಿಹೋಯಿತು. ಇಂಥ ದಾಖಲೆಗಳ ಮೇಲೆ ಅವಧಿ ವಿಸ್ತರಿಸುವುದು ನನ್ನ ಪ್ರಕಾರ ತಿಂಗಳನ್ನು ವರ್ಷ ಮಾಡುವುದಕ್ಕಿಂತ ಅಪಾಯ.

ಹಾಗಾದರೆ ಅವಧಿಯನ್ನು ಬದಲಿಸುವ ಅಧಿಕಾರ ಯಾರ ಕೈಯಲ್ಲಿರಬೇಕು? ಅಮೆರಿಕದಲ್ಲಿ ಬಹಳ ಕಾಲ ಪ್ರತಿ ಟೆಸ್ಟೂ ಅದರ ಅವಧಿಯೂ ಲೈಸೆನ್ಸಿನ ಭಾಗವಾದ ಟೆಕ್ನಿಕಲ್ ಸ್ಪೆಸಿಫಿಕೇಶನ್‌ನಲ್ಲಿ ಬರೆದಿರುತ್ತಿದ್ದವು. 31 ದಿನವನ್ನು 92 ದಿನ ಮಾಡಲೂ ಲೈಸೆನ್ಸ್ ತಿದ್ದುಪಡಿ ಬೇಕು. 2006ರಲ್ಲಿ ಪೆನ್ಸಿಲ್ವೇನಿಯಾದ ಲಿಮರಿಕ್ ಸ್ಥಾವರಕ್ಕೆ ಪ್ರಾಯೋಗಿಕವಾಗಿ ಹೊಸ ಪದ್ಧತಿಗೆ ಒಪ್ಪಿಗೆ ಸಿಕ್ಕಿತು, 2009ರಲ್ಲಿ ಅದು ಉಳಿದವರಿಗೂ ತೆರೆಯಿತು. ಯಾವ ಟೆಸ್ಟ್ ಮಾಡಬೇಕು ಎಂಬುದು ಲೈಸೆನ್ಸಿನಲ್ಲೇ ಉಳಿಯುತ್ತದೆ. ಎಷ್ಟು ದಿನಕ್ಕೊಮ್ಮೆ ಎಂಬುದು ಮಾತ್ರ ಸ್ಥಾವರದವರ ನಿಯಂತ್ರಣದ ದಾಖಲೆಗೆ ಹೋಗುತ್ತದೆ. ಆಯೋಗ ಒಪ್ಪಿದ ವಿಧಾನದಲ್ಲೇ ಬದಲಿಸಬೇಕು. ಒಂದು ಬದಲಾವಣೆಯಿಂದ ಕೋರ್ ಹಾಳಾಗುವ ಸಂಭವ ವರ್ಷಕ್ಕೆ ಹತ್ತು ಲಕ್ಷದಲ್ಲಿ ಒಂದಕ್ಕಿಂತ ಜಾಸ್ತಿ ಏರಬಾರದು. ಎಲ್ಲ ಬದಲಾವಣೆ ಸೇರಿ ಲಕ್ಷದಲ್ಲಿ ಒಂದನ್ನು ದಾಟಬಾರದು. ಆಪರೇಷನ್, ನಿರ್ವಹಣೆ, ಅಪಾಯದ ಲೆಕ್ಕ ಎಲ್ಲ ಬಲ್ಲವರ ಸಮಿತಿ ಒಪ್ಪಬೇಕು. ಬದಲಿಸಿದ ಮೇಲೆ ನಿಗಾ ಇಡಬೇಕು.

ಅಧಿಕಾರ ಹೀಗೆ ಹಂಚಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಟೆಸ್ಟನ್ನೇ ಕೈಬಿಡುವ ಹಕ್ಕು ಕೊಟ್ಟಿಲ್ಲ, ಅದು ಮುಖ್ಯ.

ಜೊತೆಗೆ ಸಣ್ಣ ಸಡಿಲಿಕೆಗಳೂ ಇವೆ. ನಿಗದಿತ ಅವಧಿಯ ಮೇಲೆ ಶೇ 25ರಷ್ಟು ಹೆಚ್ಚುವರಿ ಸಮಯ ಸಿಗುತ್ತದೆ, 31 ದಿನದ ಟೆಸ್ಟಿಗೆ ಹೆಚ್ಚುಕಮ್ಮಿ 38 ದಿನ. ಬೇರೆ ಕೆಲಸ ನಡೆಯುತ್ತಿರುವಾಗ ಟೆಸ್ಟ್ ಮಾಡಲೇಬೇಕೆಂದು ಹಟ ಹಿಡಿದು ಎಡವಟ್ಟು ಮಾಡಿಕೊಳ್ಳಬಾರದು ಎಂದು ಕೊಟ್ಟದ್ದು ಅದು. ಪ್ರತಿ ಸಲವೂ 38ನೇ ದಿನಕ್ಕೇ ಟೆಸ್ಟ್ ನಡೆದಿರುವ ದಾಖಲೆ ಕಂಡರೆ ನನಗೆ ಕಿರಿಕಿರಿಯಾಗುತ್ತದೆ.

ನನ್ನ ದೊಡ್ಡ ತಕರಾರು ಬೇರೆ. ಅವಧಿ ವಿಸ್ತರಿಸುವ ಫೈಲುಗಳು ಹೇಳುವುದು ಹೆಚ್ಚಾಗಿ ಹೀಗೆ: ಇಷ್ಟು ವರ್ಷದಿಂದ ತಿಂಗಳು ತಿಂಗಳು ಟೆಸ್ಟ್ ಮಾಡಿದ್ದೇವೆ, ವೈಫಲ್ಯ ಇಲ್ಲವೇ ಇಲ್ಲ, ಆದ್ದರಿಂದ ಆರು ತಿಂಗಳಿಗೊಮ್ಮೆ ಸಾಕು. ಲೆಕ್ಕ ಹಾಕಿದರೆ ಉತ್ತರವೂ ಸರಿಯಾಗಿಯೇ ಬರುತ್ತದೆ. ಆದರೆ ಆ ಲೆಕ್ಕದಲ್ಲಿ ಕೆಡುವ ಪ್ರಮಾಣ ಎಲ್ಲ ಕಾಲಕ್ಕೂ ಒಂದೇ ಎಂಬ ಊಹೆ ಕೂತಿದೆ. ತಿಂಗಳಿಗೊಮ್ಮೆ ಆಡಿದ ವಾಲ್ವಿನ ಗ್ರೀಸ್ ತಿಂಗಳಿಗೊಮ್ಮೆ ಕಲಕಿ ಹರಡಿದೆ. ಐದನೇ ತಿಂಗಳಲ್ಲಿ ಆ ಗ್ರೀಸ್ ಗಟ್ಟಿಯಾಗುತ್ತದೆಯೇ? ಹಳೆಯ ದಾಖಲೆ ಅದಕ್ಕೆ ಉತ್ತರ ಕೊಡಲಾರದು, ಯಾಕೆಂದರೆ ಆ ವಾಲ್ವನ್ನು ಐದು ತಿಂಗಳು ಮುಟ್ಟದೆ ಯಾರೂ ಬಿಟ್ಟೇ ಇಲ್ಲ. ಮೇಲೆ ಹೇಳಿದ ಉದಾಹರಣೆಯ ಪಂಪನ್ನೇ ತೆಗೆದುಕೊಳ್ಳಿ. ಲಕ್ಷ ಗಂಟೆ ಅಂದರೆ ಹನ್ನೊಂದು ವರ್ಷ ದಾಟುತ್ತದೆ. ಕೆಡುವ ಪ್ರಮಾಣ ಎರಡು ಪಟ್ಟಾದರೂ ಆ ಒಂದು ಪಂಪಿನಲ್ಲಿ ಅದು ಕಾಣಲು ವರ್ಷಗಳೇ ಹಿಡಿಯುತ್ತವೆ.

ಹಾಗಾಗಿ ಒಮ್ಮೆಲೇ ಜಿಗಿಯುವುದು ನನಗೆ ಇಷ್ಟವಿಲ್ಲ. ಒಂದರಿಂದ ಮೂರಕ್ಕೆ ಹೋಗಿ, ಕೆಲವು ಸುತ್ತು ನೋಡಿ, ಆಮೇಲೆ ಆರು. ಒಂದೇ ಬಗೆಯ ವಾಲ್ವುಗಳು ಹತ್ತಾರು ಇದ್ದರೆ ಎಲ್ಲದರ ದಾಖಲೆಯನ್ನೂ ಒಟ್ಟಿಗೆ ನೋಡಬೇಕು. ಒಂದೇ ಕೆಲಸಕ್ಕೆಂದು ಪ್ರತ್ಯೇಕವಾಗಿ ಇಟ್ಟ ಎರಡು ಸಾಲು ಉಪಕರಣಗಳನ್ನು (ಟ್ರೈನುಗಳನ್ನು) ಒಂದೇ ದಿನ ಟೆಸ್ಟ್ ಮಾಡದೆ ಅವಧಿಯ ಅರ್ಧಕ್ಕೆ ಸರಿಸಿ ಮಾಡಬೇಕು. ಆಗ ಎರಡನ್ನೂ ಒಟ್ಟಿಗೆ ಕೆಡಿಸುವ ಕಾರಣವಿದ್ದರೆ ಬೇಗ ಸಿಗುತ್ತದೆ, ಒಂದೇ ಶಿಫ್ಟಿನವರು ಒಂದೇ ತಪ್ಪನ್ನು ಎರಡೂ ಕಡೆ ಮಾಡುವುದೂ ತಪ್ಪುತ್ತದೆ. ಪಾಸಾಯಿತು ಎಂದಷ್ಟೇ ಬರೆದರೆ ಸಾಲದು. ವಾಲ್ವ್ ಎಷ್ಟು ಸೆಕೆಂಡಿನಲ್ಲಿ ಮುಚ್ಚಿತು, ಮೋಟಾರ್ ಎಷ್ಟು ಕರೆಂಟ್ ಎಳೆಯಿತು ಎಂಬ ಅಂಕಿ ಬೇಕು. ಕೆಡುವ ಮೊದಲು ಇವು ನಿಧಾನಕ್ಕೆ ಸರಿಯುತ್ತಿರುತ್ತವೆ.

ಇನ್ನೊಂದನ್ನೂ ಫೈಲಿನಲ್ಲಿ ಹುಡುಕುತ್ತೇನೆ. ಯಾವ ಅಂಕಿ ಎಷ್ಟು ಸರಿದರೆ ಅವಧಿ ಹಳೆಯ ಜಾಗಕ್ಕೆ ವಾಪಸ್ ಬರುತ್ತದೆ, ಅದನ್ನು ಯಾರು ನೋಡುತ್ತಾರೆ ಎಂಬುದು ಮೊದಲೇ ಬರೆದಿರಬೇಕು. "ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಎಂದಷ್ಟೇ ಇದ್ದರೆ ಮುಂದಿನ ಪುಟ ತಿರುಗಿಸುವುದಿಲ್ಲ, ಫೈಲ್ ವಾಪಸ್ ಕಳಿಸುತ್ತೇನೆ.