ಏರುವಾಗ ಏನೂ ಆಗಲಿಲ್ಲ, ಮೇಡಂ

ನನ್ನ ಚಿಕಿತ್ಸಾಲಯ ಇರುವುದು ವಿಜಯಪುರದ ಹಳೆಯ ಕಟ್ಟಡವೊಂದರ ಮೊದಲ ಮಹಡಿಯಲ್ಲಿ. ಮೊಣಕಾಲು ನೋವಿನವರಿಂದ ಮೆಟ್ಟಿಲು ಹತ್ತಿಸುವ ಫಿಸಿಯೋಥೆರಪಿಸ್ಟ್ ಎಂದು ಸಾಕಷ್ಟು ಬೈಸಿಕೊಂಡಿದ್ದೇನೆ. ಕೆಳಗಡೆ ಮಳಿಗೆ ಹಿಡಿಯುವಷ್ಟು ದುಡ್ಡು ಆಗ ಇರಲಿಲ್ಲ. ಈಗ ಇದ್ದರೂ ಬಿಡಲು ಮನಸ್ಸಿಲ್ಲ. ಬಂದವರು ವಾಪಸ್ ಇಳಿಯುವಾಗ ಕಿವಿಗೊಟ್ಟು ಕೂತರೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ.

ಕಳೆದ ವರ್ಷ ಬಂದ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲನ್ನು ಅಡ್ಡಡ್ಡ ಇಳಿದರು. ವಯಸ್ಸು ನಲವತ್ತೆರಡು. ಭಾನುವಾರ ಬಂತೆಂದರೆ ಬಸವನ ಬಾಗೇವಾಡಿಯವರೆಗೆ ಸೈಕಲ್ ತುಳಿದು ಮಧ್ಯಾಹ್ನದ ಊಟಕ್ಕೆ ಮನೆಗೆ ಮರಳುವ ಗಟ್ಟಿ ಆಸಾಮಿ. ಒಣದ್ರಾಕ್ಷಿಗೆ ಒಳ್ಳೆಯ ದರ ಸಿಕ್ಕಿತೆಂದು ಗೆಳೆಯರೊಂದಿಗೆ ಬಾಲಿಗೆ ಹೋಗಿದ್ದರು. ನಸುಕಿನಲ್ಲಿ ಬಾತುರ್ ಜ್ವಾಲಾಮುಖಿ ಪರ್ವತ ಏರಿ, ಮೇಲೆ ಸೂರ್ಯೋದಯ ನೋಡಿ, ಇಳಿದು ಬಂದು, ಕಿಂತಾಮಣಿಯಿಂದ ಉಬುದ್ ಕಡೆಗೆ ಇಳಿಜಾರಿನಲ್ಲಿ ಸೈಕಲ್ ಸವಾರಿಯನ್ನೂ ಮುಗಿಸಿದ್ದರು. ಎರಡನೆಯ ದಿನ ಕಮೋಡಿನ ಮೇಲೆ ಕೂರಲಿಕ್ಕೂ ಇಬ್ಬರು ಹಿಡಿಯಬೇಕಾಯಿತಂತೆ.

‘ಏರುವಾಗ ಏನೂ ಆಗಲಿಲ್ಲ, ಮೇಡಂ. ಎಲ್ಲರಿಗಿಂತ ಮೊದಲು ಮೇಲಿದ್ದವನು ನಾನೇ. ಸೈಕಲ್ ತುಳಿದು ತುಳಿದು ಮೊಣಕಾಲು ಸವೆದಿರಬೇಕು. ಎಂಆರ್‌ಐ ಮಾಡಿಸಿಬಿಡೋಣವೇ?’

ಈ ಮಾತನ್ನು ಎಷ್ಟು ಬಾಯಿಂದ ಕೇಳಿದ್ದೇನೋ ಲೆಕ್ಕವಿಲ್ಲ. ಬಾತುರ್ ಇರಬಹುದು, ಕಿಲಿಮಂಜಾರೋ ಇರಬಹುದು, ಮನೆಯ ಹತ್ತಿರದ ಸಹ್ಯಾದ್ರಿಯ ಯಾವುದೋ ಕೋಟೆ ಇರಬಹುದು. ಎಲ್ಲರೂ ಏರುವುದಕ್ಕೆ ತಯಾರಾಗಿ ಹೋಗುತ್ತಾರೆ, ಇಳಿಯುವುದನ್ನು ಪುಕ್ಕಟೆ ಎಂದುಕೊಳ್ಳುತ್ತಾರೆ. ಅದರಲ್ಲೂ ನಮ್ಮ ಸೈಕಲ್ ಸವಾರರು.

ಒಂದು ವಿಷಯವನ್ನು ಇಲ್ಲಿ ನಿಧಾನವಾಗಿ ಹೇಳುತ್ತೇನೆ. ಬಾವಿಗೆ ಪಂಪ್‌ಸೆಟ್ಟಿನ ಮೋಟಾರು ಇಳಿಸುವುದನ್ನು ನೀವು ನೋಡಿರುತ್ತೀರಿ. ಮೇಲೆತ್ತುವಾಗ ಹಗ್ಗ ಎಳೆಯುತ್ತೀರಿ. ಇಳಿಸುವಾಗ ಅದೇ ಭಾರವನ್ನು ಬಿಗಿ ಹಿಡಿದುಕೊಂಡೇ ಹಗ್ಗವನ್ನು ಗೇಣುಗೇಣಾಗಿ ಬಿಡುತ್ತೀರಿ. ಅಂಗೈ ಸುಲಿಯುವುದು ಯಾವಾಗ? ಬಿಡುವಾಗ. ತೊಡೆಯ ಮುಂಭಾಗದ ಸ್ನಾಯುವಿನ ಕೆಲಸವೂ ಹೀಗೆಯೇ. ಏರುವಾಗ ಅದು ಗಿಡ್ಡವಾಗುತ್ತ ಮೈಯನ್ನು ಮೇಲೆತ್ತುತ್ತದೆ. ಇಳಿಯುವಾಗ ಮೈಯ ಭಾರ ಹೊತ್ತುಕೊಂಡೇ ಉದ್ದವಾಗುತ್ತ ಹೋಗುತ್ತದೆ. ರೂಢಿಯಿಲ್ಲದ ಸ್ನಾಯುವಿನ ಎಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಹರಿಯುವುದು ಈ ಹೊತ್ತಿನಲ್ಲಿ. ನೋವು ಆಗಲೇ ಕಾಣಿಸುವುದಿಲ್ಲ. ಮರುದಿನ ಶುರುವಾಗಿ ಎರಡನೆಯ ಅಥವಾ ಮೂರನೆಯ ದಿನ ತಾರಕಕ್ಕೇರುತ್ತದೆ. ಕೃತಕ ಕೀಲಿನೊಳಗೆ ಮಾಪಕ ಕೂರಿಸಿ ಅಳೆದಿದ್ದಾರೆ: ಮೆಟ್ಟಿಲು ಏರುವಾಗ ಮೊಣಕಾಲಿನ ಮೇಲೆ ಮೈತೂಕದ ಸುಮಾರು ಮೂರು ಪಟ್ಟು ಭಾರ, ಇಳಿಯುವಾಗ ಸುಮಾರು ಮೂರೂವರೆ. ಈ ಅರ್ಧ ಪಟ್ಟಿಗೆ ಇಷ್ಟೊಂದು ಗೋಳಾಟವೇ ಎಂದು ಕೇಳಬೇಡಿ. ಭಾರ ಅಷ್ಟೇನೂ ಬದಲಾಗಲಿಲ್ಲ, ಅದನ್ನು ಹಿಡಿಯುವ ಬಗೆ ಬದಲಾಯಿತು.

ಇನ್ನು ಸೈಕಲ್ಲಿಗೆ ಬನ್ನಿ. ಪೆಡಲ್ ಒತ್ತಿದಾಗ ಸ್ನಾಯು ಗಿಡ್ಡವಾಗುತ್ತದೆ. ಪೆಡಲ್ ಮೇಲೆ ಬರುವಾಗ ಇನ್ನೊಂದು ಕಾಲು ಕೆಲಸ ಮಾಡುತ್ತಿರುತ್ತದೆ, ಇದಕ್ಕೆ ವಿರಾಮ. ಇಡೀ ಸುತ್ತಿನಲ್ಲಿ ಹಗ್ಗ ಎಳೆಯುವುದಷ್ಟೇ. ಹಿಡಿದು ಬಿಡುವ ಕೆಲಸ ಇಲ್ಲವೆನ್ನುವಷ್ಟು ಕಡಿಮೆ. ಸಾವಿರ ಕಿಲೋಮೀಟರ್ ತುಳಿದವರ ಕಾಲೂ ಇಳಿಯುವ ಪಾಠದಲ್ಲಿ ಒಂದನೇ ತರಗತಿಯಲ್ಲೇ ಇರುತ್ತದೆ. ಜೊತೆಗೆ ಇನ್ನೊಂದು ಪೇಚು. ಎದೆ, ಉಸಿರು ಎರಡೂ ಗಟ್ಟಿಯಿರುವುದರಿಂದ ಇವರು ದಣಿಯುವುದೇ ಇಲ್ಲ. ದಣಿದವನು ನಿಂತು ನಿಂತು ಇಳಿಯುತ್ತಾನೆ, ಇವರು ಧಡಧಡ ಇಳಿಯುತ್ತಾರೆ. ವಿಜಯಪುರ, ಬಾಗಲಕೋಟೆಯ ಸೈಕ್ಲಿಸ್ಟ್‌ಗಳ ಬಗ್ಗೆ ನನಗೂ ಹೆಮ್ಮೆಯಿದೆ. ಈ ಬಯಲಿನಲ್ಲಿ ಆಷಾಢದ ಎದುರುಗಾಳಿಗೆ ತುಳಿದು ಬೆಳೆದ ಕಾಲುಗಳವು. ಆ ಹೆಮ್ಮೆಯಿಂದಲೇ ಇಷ್ಟು ಸಿಟ್ಟು.

ತಮಾಷೆಯೆಂದರೆ ನಾವು ಬದುಕುತ್ತಿರುವುದೂ ಲಾವಾದ ಮೇಲೆಯೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಬಸಾಲ್ಟ್ ನಮ್ಮ ನೆಲ. ಎರೆಮಣ್ಣು ಅದರದೇ ಪುಡಿ, ಗೋಳಗುಮ್ಮಟ ಅದರದೇ ಕಲ್ಲು. ಈ ನೆಲವನ್ನು ‘ಡೆಕ್ಕನ್ ಟ್ರ್ಯಾಪ್’ ಎನ್ನುತ್ತಾರಲ್ಲ, ಆ ‘ಟ್ರ್ಯಾಪ್’ ಮೆಟ್ಟಿಲು ಎಂಬ ಅರ್ಥದ ಸ್ವೀಡಿಷ್ ಪದದಿಂದ ಬಂದದ್ದು. ಬೆಳಗಾವಿಯಿಂದ ಉತ್ತರಕ್ಕೆ ಸಹ್ಯಾದ್ರಿಯಲ್ಲಿ ಆ ಮೆಟ್ಟಿಲು ಕಣ್ಣಿಗೆ ಕಾಣುತ್ತದೆ. ನಮ್ಮ ಪಾಲಿಗೆ ಬಂದದ್ದು ಮಾತ್ರ ರೊಟ್ಟಿಯ ಹಂಚಿನಂಥ ಬಯಲು.

ಎಳೆಯ ಜ್ವಾಲಾಮುಖಿಯ ಮೈ ಬೇರೆ. ಬಾತುರ್‌ನ ಎತ್ತರ 1,717 ಮೀಟರ್. ಬುಡದಲ್ಲಿರುವ ಕೆರೆಯ ದಡದಿಂದ ಏರುವುದು ಏಳುನೂರು ಮೀಟರಿನಷ್ಟೇ, ಎರಡು ತಾಸಿನ ದಾರಿ. ಆದರೆ ಗಟ್ಟಿ ಲಾವಾದ ಮೇಲೆ ಕರಿಯ ಹರಳು, ಮರಳು ಹರಡಿರುತ್ತವೆ. ಕಣದಲ್ಲಿ ಚೆಲ್ಲಿದ ಜೋಳದ ಮೇಲೆ ಕಾಲಿಟ್ಟಂತೆ. ಜಾರುವ ಭಯಕ್ಕೆ ಜನ ಹಿಂದಕ್ಕೆ ವಾಲಿ, ಮೊಣಕಾಲನ್ನು ಕೋಲಿನಂತೆ ಸೆಟೆಸಿ, ಹಿಮ್ಮಡಿ ಕುಕ್ಕುತ್ತ ಇಳಿಯುತ್ತಾರೆ. ಹೆಜ್ಜೆ ಚಿಕ್ಕದಿರಲಿ, ಮೊಣಕಾಲು ತುಸು ಬಾಗಿರಲಿ, ಮೈ ಪಾದದ ನೇರಕ್ಕಿರಲಿ. ಚಾರಣದ ಕೋಲು ಹಿಡಿದರೆ ಸ್ವಲ್ಪ ಭಾರ ಕೈಗೆ ಹೋಗುತ್ತದೆ. ಕಿಲಿಮಂಜಾರೋ ಇನ್ನೂ ಕಠಿಣ. 5,895 ಮೀಟರಿನ ತುದಿ ಮುಟ್ಟಿದ ದಿನವೇ ಹೆಚ್ಚಿನವರು ಸುಮಾರು 3,100 ಮೀಟರಿನಲ್ಲಿರುವ ಮ್ವೆಕಾ ಶಿಬಿರಕ್ಕೆ ಇಳಿಯುತ್ತಾರೆ. ಸಲಹೆ ಕೇಳಲು ಬರುವವರಿಗೆ ಏರುವ ರಾತ್ರಿಯ ಚಳಿಯದೇ ಚಿಂತೆ. ಈ 2,800 ಮೀಟರ್ ಇಳಿತದ ಬಗ್ಗೆ ನನ್ನನ್ನು ಈತನಕ ಒಬ್ಬರೂ ಕೇಳಿಲ್ಲ.

ಮದ್ದು ತೀರಾ ಸರಳ, ಅದಕ್ಕೇ ಯಾರೂ ನಂಬುವುದಿಲ್ಲ. ಒಂದು ಮೆಟ್ಟಿಲ ಮೇಲೆ ಒಂಟಿ ಕಾಲಿನಲ್ಲಿ ನಿಂತು, ಇನ್ನೊಂದು ಕಾಲಿನ ಹಿಮ್ಮಡಿಯನ್ನು ನಾಲ್ಕು ಎಣಿಸುವಷ್ಟು ನಿಧಾನವಾಗಿ ನೆಲಕ್ಕೆ ತಾಗಿಸಿ. ಮೊದಲ ದಿನ ಎಂಟು ಹತ್ತು ಸಲ ಸಾಕು. ವಾರಕ್ಕೆರಡು ದಿನದಂತೆ ಆರು ವಾರ ಮಾಡಿ, ಹೊರಡುವ ಹಿಂದಿನ ವಾರ ಬಿಟ್ಟುಬಿಡಿ. ಇಳಿಯುವ ಕೆಲಸವನ್ನು ಸ್ನಾಯು ಬಲುಬೇಗ ಕಲಿಯುತ್ತದೆ; ಒಮ್ಮೆ ನೋಯಿಸಿಕೊಂಡರೆ ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಅಪಾರ್ಟ್‌ಮೆಂಟಿನವರಿಗೆ ನಾನು ಹೇಳುವುದು: ಏರಲು ಲಿಫ್ಟ್, ಇಳಿಯಲು ಮೆಟ್ಟಿಲು. ಅವರು ನಗುತ್ತಾರೆ. ಗೋಳಗುಮ್ಮಟದ ಮೂಲೆಯ ಗೋಪುರದ ಮೆಟ್ಟಿಲೂ ಆದೀತು, ಆದರೆ ಅವು ಇಕ್ಕಟ್ಟು, ಕಡಿದು. ಅಲ್ಲಿ ಎಣಿಸುತ್ತ ನಿಂತರೆ ಹಿಂದಿನಿಂದ ಶಾಲಾ ಮಕ್ಕಳು ತಳ್ಳಿಕೊಂಡು ಹೋಗುತ್ತಾರೆ.

ಕಾಲು ನೋಡದೆ ಬರೆಯುತ್ತಿರುವುದರಿಂದ ಒಂದಿಷ್ಟು ಎಚ್ಚರಿಕೆ. ಎರಡೂ ತೊಡೆ ಒಂದೇ ಸಮ ನೊಂದು ದಿನೇದಿನೇ ಇಳಿದರೆ ಗಾಬರಿ ಬೇಡ. ಒಂದೇ ಮೊಣಕಾಲು ಕೆಲವೇ ತಾಸುಗಳಲ್ಲಿ ಬಾತರೆ, ಮಡಚಿದ್ದು ಬಿಡಿಸಲಾರದೆ ಸಿಕ್ಕಿಬಿದ್ದರೆ, ವಿಮಾನದಲ್ಲಿ ಮರಳಿದ ಮೇಲೆ ಒಂದೇ ಮೀನಖಂಡ ಊದಿಕೊಂಡರೆ ವೈದ್ಯರಲ್ಲಿಗೆ ಹೋಗಿ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ. ಅದು ಮೂತ್ರಪಿಂಡಕ್ಕೆ ಪೆಟ್ಟು ಕೊಡುವ ಸಂಗತಿ. ನೀರೂ ಕುಡಿಯದೆ ಬೆಟ್ಟ ಸುತ್ತುತ್ತ ನೋವಿನ ಮಾತ್ರೆ ನುಂಗುವುದು ಬೇಡವೇ ಬೇಡ.

ಆ ಬೆಳೆಗಾರರ ಜೊತೆಗೆ ಅವರ ತಾಯಿಯೂ ಬಂದಿದ್ದರು. ಎಪ್ಪತ್ತು ದಾಟಿದ ಜೀವ. ನಮ್ಮ ಮಾತು ಮುಗಿಯುವಷ್ಟರಲ್ಲಿ ಸೆರಗು ಸಿಕ್ಕಿಸಿಕೊಂಡು, ಕಂಬಿ ಮುಟ್ಟದೆ, ಪಟಪಟನೆ ಇಳಿದು ಕೆಳಗೆ ನಿಂತಿದ್ದರು. ಮದುವೆಯಾಗಿ ಬಂದಾಗಿನಿಂದ ಮಾಳಿಗೆ ಹತ್ತಿ ಮೆಣಸಿನಕಾಯಿ, ಶ್ಯಾವಿಗೆ ಒಣಹಾಕಿ, ಮೋಡ ಕಂಡರೆ ಬುಟ್ಟಿಗೆ ತುಂಬಿಕೊಂಡು ಇಳಿದವರು. ‘ಅವ್ವನಿಗೆ ಏನೂ ನೋವಿಲ್ಲವೇ?’ ಎಂದು ಕೇಳಿದೆ. ‘ಅವಳೆಲ್ಲಿ ಸೈಕಲ್ ತುಳಿದಿದ್ದಾಳೆ, ಮೇಡಂ’ ಎಂದರು ಮಗ. ನಾನು ಒಂದು ನಿಮಿಷ ಸುಮ್ಮನಿದ್ದೆ.

ಎಂಆರ್‌ಐ ಬೇಕಾಗಲಿಲ್ಲ. ವಾರದೊಳಗೆ ಸರಿಹೋದರು. ಈಗ ಕಿಲಿಮಂಜಾರೋಗೆ ಹೊರಟಿದ್ದಾರೆ. ಮೊನ್ನೆ ಮೊಬೈಲಿಗೆ ಒಂದು ವಿಡಿಯೋ ಕಳಿಸಿದ್ದರು: ಮಾಳಿಗೆಯ ಮೆಟ್ಟಿಲಿನ ಮೇಲೆ ಒಂಟಿ ಕಾಲಿನಲ್ಲಿ ಇವರು, ಹಿಂದೆ ಎಣಿಸುವ ಅವ್ವನ ದನಿ. ತುಸು ಅವಸರದಲ್ಲಿ ಎಣಿಸುತ್ತಾರೆ, ನಾಲ್ಕು ಹೇಳುವಷ್ಟರಲ್ಲಿ ಕಾಲು ಅರ್ಧ ದಾರಿಯೂ ಬಂದಿರುವುದಿಲ್ಲ. ನಿಧಾನಕ್ಕೆ ಎಣಿಸಲು ಹೇಳಿ ಎಂದು ಉತ್ತರಿಸಿದ್ದೇನೆ.