ಜಲವಿಕರ್ಷಕ ಲೇಪನ: ಹತ್ತಿಬಟ್ಟೆಯಿಂದ ನೀರು ಜಾರಿಹೋಗುವುದು ಹೇಗೆ?

ಬಟ್ಟೆಯ ನಾರುಗಳ ಮೇಲ್ಮೈಗೆ ಪಾಲಿಮರಿನ (ಸರಪಳಿಯಂತೆ ಉದ್ದನೆಯ ಅಣುಗಳಿರುವ ಪದಾರ್ಥದ) ಅತಿ ತೆಳುವಾದ ಪದರವನ್ನು ಹೊದಿಸಿ, ಮೇಲೆ ಬಿದ್ದ ನೀರು ಒಳಗಿಳಿಯದೆ ಹನಿಗಳಾಗಿಯೇ ಉರುಳಿಹೋಗುವಂತೆ ಮಾಡುವ ಸಂಸ್ಕರಣೆಗೆ ಜಲವಿಕರ್ಷಕ ಲೇಪನ ಎಂದು ಹೆಸರು. ಇದನ್ನು ವಾಟರ್‌ಪ್ರೂಫ್ ಬಟ್ಟೆಯೊಂದಿಗೆ ಸೇರಿಸಿ ಮಾತನಾಡುವುದು ರೂಢಿಯಾಗಿದೆ, ಆದರೆ ಅದು ಸರಿಯಲ್ಲ. ಚಾರ್ಲ್ಸ್ ಮ್ಯಾಕಿಂಟಾಷ್ 1823ರಲ್ಲಿ ಪೇಟೆಂಟ್ ಪಡೆದ ಮಳೆಯಂಗಿಯ ಬಟ್ಟೆಯಲ್ಲಿ ಎರಡು ಪದರಗಳ ನಡುವೆ ನ್ಯಾಫ್ತಾ ಎಂಬ ದ್ರಾವಕದಲ್ಲಿ ಕರಗಿಸಿದ ರಬ್ಬರನ್ನು ಸೇರಿಸಲಾಗಿತ್ತು. ಅದು ಮಳೆಯನ್ನು ತಡೆದಂತೆಯೇ ತೊಟ್ಟವರ ಬೆವರಿನ ಆವಿಯನ್ನೂ ಒಳಗೇ ತಡೆಯುತ್ತಿತ್ತು. ಜಲವಿಕರ್ಷಕ ಬಟ್ಟೆಯಲ್ಲಿ ಹಾಗಲ್ಲ. ನೂಲುಗಳ ನಡುವಿನ ರಂಧ್ರಗಳು ತೆರೆದೇ ಇರುತ್ತವೆ, ಬದಲಾಗುವುದು ಒಂದೊಂದು ನಾರಿನ ಹೊರಮೈ ಮಾತ್ರ. ಆದ್ದರಿಂದ ಗಾಳಿ ಆಡುತ್ತದೆ; ಆದರೆ ನೀರು ಒತ್ತಡದಿಂದ ನುಗ್ಗಿದರೆ ಅದನ್ನು ತಡೆಯುವ ಶಕ್ತಿ ಈ ಬಟ್ಟೆಗೆ ಇಲ್ಲ.

ಹತ್ತಿಯ ನಾರಿನ ಬಹುಪಾಲು ಸೆಲ್ಯುಲೋಸ್. ಅದರ ಸರಪಳಿಯ ಪ್ರತಿಯೊಂದು ಗ್ಲೂಕೋಸ್ ಘಟಕದಲ್ಲೂ ಮೂರು ಹೈಡ್ರಾಕ್ಸಿಲ್ ಗುಂಪುಗಳಿದ್ದು (ಆಮ್ಲಜನಕ ಮತ್ತು ಹೈಡ್ರೋಜನ್ ಪರಮಾಣುಗಳ ಜೋಡಿಗಳು), ಅವು ನೀರಿನ ಅಣುಗಳೊಂದಿಗೆ ಸುಲಭವಾಗಿ ಹೈಡ್ರೋಜನ್ ಬಂಧ ಬೆಸೆಯುತ್ತವೆ. ನಾರುಗಳ ನಡುವಿನ ಸಂದುಗಳು ಲೋಮನಾಳಗಳಾಗಿ, ಅಂದರೆ ಕೂದಲೆಳೆಯಂಥ ಸಣ್ಣ ಕೊಳವೆಗಳಾಗಿ, ಆ ನೀರನ್ನು ದೂರದವರೆಗೆ ಎಳೆದೊಯ್ಯುತ್ತವೆ. ಗಮನಿಸಬೇಕಾದ ಸಂಗತಿಯೆಂದರೆ, ಗಿಡದಿಂದ ಬಿಡಿಸಿದ ಹಸಿ ಹತ್ತಿಗೆ ಮೇಣದ ಸಹಜ ಹೊದಿಕೆಯಿರುವುದರಿಂದ ಅದು ಬೇಗ ನೆನೆಯುವುದಿಲ್ಲ. ಬಣ್ಣ ಹಿಡಿಯಲೆಂದು ಗಿರಣಿಯಲ್ಲಿ ಕ್ಷಾರದಲ್ಲಿ ಬೇಯಿಸಿ ಆ ಮೇಣವನ್ನು ತೆಗೆಯುತ್ತಾರೆ; ಲೇಪನ ಬೇಕಾದರೆ ಅದೇ ಗುಣವನ್ನು ಬೇರೆ ಪದಾರ್ಥದಿಂದ ಮರಳಿ ಕೊಡಬೇಕಾಗುತ್ತದೆ.

ಹನಿಯ ಅಂಚು ಮೇಲ್ಮೈಯೊಂದಿಗೆ ಮಾಡುವ ಕೋನಕ್ಕೆ ಸಂಪರ್ಕ ಕೋನ ಎನ್ನುತ್ತಾರೆ. ಥಾಮಸ್ ಯಂಗ್ 1805ರಲ್ಲಿ ವಿವರಿಸಿದ ಈ ಕೋನವು 90 ಡಿಗ್ರಿಗಿಂತ ಹೆಚ್ಚಾದರೆ ಮೇಲ್ಮೈ ಜಲವಿಕರ್ಷಕ, 150 ಡಿಗ್ರಿ ಮೀರಿದರೆ ಅತಿ ಜಲವಿಕರ್ಷಕ. ದ್ರವದ ಮೇಲ್ಮೈ ಕುಗ್ಗಲು ಯತ್ನಿಸುವ ಬಲಕ್ಕೆ ಮೇಲ್ಮೈ ಎಳೆತ ಎನ್ನುತ್ತಾರೆ; ನೀರಿನಲ್ಲಿ ಅದು ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಘನದಲ್ಲಿ ಇದಕ್ಕೆ ಸಮನಾದ ಮೇಲ್ಮೈ ಶಕ್ತಿ ಇದಕ್ಕಿಂತ ಎಷ್ಟು ಕಡಿಮೆಯೋ ಹನಿ ಅಷ್ಟು ದುಂಡಗೆ ನಿಲ್ಲುತ್ತದೆ. ಮೀಥೈಲ್ ಗುಂಪುಗಳನ್ನು ಹೊರಮುಖವಾಗಿ ಚಾಚಿಕೊಂಡಿರುವ ಸಿಲಿಕೋನ್ ಪದರದಲ್ಲಿ ಇದು ಇಪ್ಪತ್ತರ ಆಸುಪಾಸಿನಲ್ಲಿರುತ್ತದೆ, ಆದ್ದರಿಂದ ಅದು ನೀರನ್ನು ಚೆನ್ನಾಗಿ ದೂಡುತ್ತದೆ. ಎಣ್ಣೆಯ ಮೇಲ್ಮೈ ಎಳೆತವೂ ಇಪ್ಪತ್ತರಿಂದ ಮೂವತ್ತೈದರೊಳಗೆ ಇರುವುದರಿಂದ ಎಣ್ಣೆಯ ಕಲೆಯನ್ನು ಮಾತ್ರ ತಡೆಯಲಾರದು. ಫ್ಲೋರಿನ್ ಉಳ್ಳ ಪಾಲಿಮರುಗಳು ಎರಡನ್ನೂ ತಡೆಯುತ್ತವೆ. ಅವುಗಳ ಜನಪ್ರಿಯತೆಗೆ ಅದೇ ಕಾರಣ, ಆದರೆ ಅವುಗಳಿಂದ ಬಿಡುಗಡೆಯಾಗುವ ಕೆಲವು ಸಂಯುಕ್ತಗಳು ಮಣ್ಣು ನೀರುಗಳಲ್ಲಿ ನಾಶವಾಗದೆ ಉಳಿಯುತ್ತವೆ. ಸುಲಭವಾಗಿ ನಾಶವಾಗದ ಮಾಲಿನ್ಯಕಾರಕಗಳನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಇಂಥ ಎರಡು ಸಂಯುಕ್ತಗಳು, 2009ರಲ್ಲಿ ಪಿಎಫ್‌ಒಎಸ್, 2019ರಲ್ಲಿ ಪಿಎಫ್‌ಒಎ, ಸೇರಿದ್ದು ಈ ಕಾರಣಕ್ಕೆ. ಎಣ್ಣೆಯ ಭಯವಿಲ್ಲದ ಕೊಡೆ, ಚೀಲ, ದಿನಬಳಕೆಯ ಮೇಲಂಗಿಗಳಿಗೆ ಸಿಲಿಕೋನ್ ಅಥವಾ ಮೇಣ ಸಾಕು. ಅಲ್ಲಿ ಫ್ಲೋರಿನ್ ಬಳಸುವುದಕ್ಕೆ ಸಮರ್ಥನೆಯಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ರಸಾಯನದ ಜೊತೆಗೆ ಒರಟುತನವೂ ಕೆಲಸ ಮಾಡುತ್ತದೆ. ನಾರುಗಳ ನಡುವೆ ಸಿಕ್ಕಿಕೊಂಡ ಗಾಳಿಯ ಮೇಲೆ ಹನಿ ಕುಳಿತಾಗ ಅದಕ್ಕೆ ತಾಗುವ ಘನಭಾಗ ತೀರ ಕಡಿಮೆ. ವಿಜ್ಞಾನಿಗಳಾದ ಕ್ಯಾಸಿ ಮತ್ತು ಬ್ಯಾಕ್ಸ್‌ಟರ್ 1944ರಲ್ಲಿ ಇದನ್ನು ಲೆಕ್ಕಕ್ಕೆ ತಂದರು. ಉಣ್ಣೆಯಲ್ಲಿ ಇಂಥ ಏರ್ಪಾಡು ಹುಟ್ಟಿನಿಂದಲೇ ಇದೆ. ಅದರ ಹೊರಮೈಗೆ ಕೊಬ್ಬಿನಾಮ್ಲದ ಪದರ ರಾಸಾಯನಿಕವಾಗಿ ಬೆಸೆದುಕೊಂಡಿದ್ದು, ಒಳಭಾಗ ಮಾತ್ರ ತನ್ನ ತೂಕದ ಸುಮಾರು ಮೂರನೇ ಒಂದರಷ್ಟು ಆವಿಯನ್ನು ಹೀರಬಲ್ಲದು. ಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದವರ ಮೈ ಬೆಚ್ಚಗಿರುವುದಕ್ಕೆ ಈ ಗುಣವೂ ಒಂದು ಕಾರಣ.

ಗಿರಣಿಯಲ್ಲಿ ಬಟ್ಟೆಯನ್ನು ಪಾಲಿಮರಿನ ದ್ರಾವಣದಲ್ಲಿ ಅದ್ದಿ, ಉರುಳೆಗಳ ನಡುವೆ ಹಿಂಡಿ, ಒಣಗಿಸಿ, ಬಳಿಕ ಸುಮಾರು 150 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹದಗೊಳಿಸುತ್ತಾರೆ. ಈ ಕೊನೆಯ ಹಂತದಲ್ಲಿ ಪಾಲಿಮರ್ ತನ್ನೊಳಗೆ ಅಡ್ಡಬಂಧಗಳನ್ನು ಕಟ್ಟಿಕೊಂಡು, ಎರಡನ್ನೂ ಬೆಸೆಯುವ ಸೂಕ್ತ ರಾಸಾಯನಿಕದ ನೆರವಿದ್ದರೆ ಸೆಲ್ಯುಲೋಸಿನ ಹೈಡ್ರಾಕ್ಸಿಲ್ ಗುಂಪುಗಳಿಗೂ ಬೆಸೆದುಕೊಳ್ಳುತ್ತದೆ. ಒಗೆತ ತಾಳುವ ಶಕ್ತಿ ಬರುವುದು ಇಲ್ಲಿಂದ. ಗುಣಮಟ್ಟವನ್ನು ತಿಳಿಯಲು 45 ಡಿಗ್ರಿ ಓರೆಯಾಗಿ ಬಿಗಿದ ಬಟ್ಟೆಯ ಮೇಲೆ 250 ಮಿಲಿಲೀಟರ್ ನೀರನ್ನು ಸಿಂಪಡಿಸಿ, ಎಷ್ಟು ತೇವವಾಯಿತೆಂದು ನೋಡಿ ಸೊನ್ನೆಯಿಂದ 100ರವರೆಗೆ ಅಂಕ ಕೊಡುತ್ತಾರೆ. ಬಳಕೆಯಲ್ಲಿ ಈ ಅಂಕ ಇಳಿಯುವುದಕ್ಕೆ ಪದರದ ಸವೆತವೇ ಯಾವಾಗಲೂ ಕಾರಣವಲ್ಲ: ನಾರಿನ ಮೇಲೆ ಉಳಿದ ಸಾಬೂನಿನ ಅಂಶವೂ ನೀರನ್ನು ಸೆಳೆಯುತ್ತದೆ. ಆದ್ದರಿಂದ ಇಂಥ ಬಟ್ಟೆಯನ್ನು ಚೆನ್ನಾಗಿ ಜಾಲಾಡಿಸಬೇಕು, ಮೃದುಕಾರಕ ದ್ರವ ಹಾಕಬಾರದು. ಫ್ಲೋರಿನ್ ಲೇಪನವಿದ್ದಲ್ಲಿ ಹದವಾದ ಇಸ್ತ್ರಿಯ ಶಾಖಕ್ಕೆ ಪಾಲಿಮರಿನ ಉಪಸರಪಳಿಗಳು ಮತ್ತೆ ಹೊರಮುಖವಾಗಿ ತಿರುಗಿ, ಕುಂದಿದ ಗುಣ ಸ್ವಲ್ಪಮಟ್ಟಿಗೆ ಮರಳುತ್ತದೆ.