ಬಿಸಿಲು ಬಳ್ಳಿಗೆ ಬೇಕು, ಬೇರಿಗೆ ಬೇಡ

ಏಪ್ರಿಲ್ ಬಂತೆಂದರೆ ನಮ್ಮ ನರ್ಸರಿಯಲ್ಲಿ ಒಂದೇ ದೂರು. "ಸಾರ್, ಶಂಖಪುಷ್ಪದ ಬೀಜ ಹಾಕಿ ತಿಂಗಳಾಯ್ತು, ಒಂದೂ ಹುಟ್ಟಲಿಲ್ಲ. ಬೀಜನೇ ಸರಿ ಇಲ್ವಾ?"

ಬೀಜ ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ. ಕೆಲವರು ಬಿಸಿಲನ್ನು ಬೈಯುತ್ತಾರೆ. ಅದೂ ಅರ್ಧ ಮಾತ್ರ ನಿಜ. ಶಂಖಪುಷ್ಪ, ಮಾರ್ನಿಂಗ್ ಗ್ಲೋರಿ, ಕಾಮಲತೆ ಎಲ್ಲವೂ ಸೆಕೆ ನಾಡಿನ ಬಳ್ಳಿಗಳೇ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳದಿದ್ದರೆ ಹೂವೇ ಬಿಡುವುದಿಲ್ಲ. ಅವು ತಡೆಯಲಾರದ್ದು ಕುಂಡದೊಳಗಿನ ಕಾವನ್ನು.

ಮೊದಲು ಬೀಜದ ವಿಷಯ. ಶಂಖಪುಷ್ಪ ಅವರೆ, ಅಲಸಂದೆಯ ಕುಲದ ಗಿಡ. ಬೀಜ ಒಣಗಿದಷ್ಟೂ ಸಿಪ್ಪೆ ಗಟ್ಟಿಯಾಗುತ್ತದೆ. ಕೊನೆಗೆ ನೀರೇ ಒಳಗೆ ಇಳಿಯದ ಹಾಗೆ ಮುಚ್ಚಿಕೊಂಡುಬಿಡುತ್ತದೆ. ಕಾಡಿನಲ್ಲಿ ಇದು ಒಳ್ಳೆಯ ಉಪಾಯ. ಉದುರಿದ ಬೀಜವೆಲ್ಲ ಒಂದೇ ಮಳೆಗೆ ಹುಟ್ಟಿ, ಆಮೇಲೆ ಮಳೆ ಕೈಕೊಟ್ಟರೆ ಒಟ್ಟಿಗೇ ಒಣಗಿಹೋಗಬಾರದಲ್ಲ. ನಮ್ಮ ಕುಂಡದಲ್ಲಿ ಮಾತ್ರ ಇದೇ ತಲೆನೋವು. ಸುಮ್ನೆ ನೆನೆಸಿಟ್ಟರೆ ಹತ್ತರಲ್ಲಿ ನಾಲ್ಕು ಉಬ್ಬಬಹುದು, ಉಳಿದವು ಕಲ್ಲಿನ ಹಾಗೇ ಇರುತ್ತವೆ.

ಬೀಜವನ್ನು ಬೆಳಕಿಗೆ ಹಿಡಿದು ನೋಡಿ. ಒಂದು ಬದಿಯಲ್ಲಿ ಸಣ್ಣ ಬಿಳಿ ಕಲೆ ಇರುತ್ತದೆ. ಕಾಯಿಗೆ ಅಂಟಿಕೊಂಡಿದ್ದ ಜಾಗ ಅದು, ಬೀಜದ ಕಣ್ಣು. ಬೇರು ಹೊರಡುವುದು ಅದರ ಪಕ್ಕದಲ್ಲೇ, ಹಾಗಾಗಿ ಆ ಕಡೆ ಕೈ ಹಾಕಬೇಡಿ. ಎದುರು ಬದಿಯ ಅಂಚನ್ನು ನೇಲ್ ಕಟರ್‌ನಿಂದ ಚೂರೇ ಚೂರು ಚಿವುಟಿ. ಕಪ್ಪು ಸಿಪ್ಪೆಯ ಅಡಿಯಲ್ಲಿ ತಿಳಿ ಬಣ್ಣ ಇಣುಕಿದ ಕೂಡಲೇ ನಿಲ್ಲಿಸಿ. ಬೀಜ ಜಾಸ್ತಿ ಇದ್ದರೆ ಎರಡು ಉಪ್ಪುಕಾಗದದ ಮಧ್ಯೆ ಹಾಕಿ ಉಜ್ಜಿದರೂ ಆದೀತು. ಆಮೇಲೆ ರಾತ್ರಿ ಉಗುರುಬೆಚ್ಚಗಿನ ನೀರಿಗೆ ಹಾಕಿಡಿ. ಬೆಳಗ್ಗೆ ಉಬ್ಬಿದ್ದನ್ನು ಬಿತ್ತಿ, ಉಬ್ಬದೇ ಇದ್ದದ್ದನ್ನು ಮತ್ತೊಮ್ಮೆ ಚಿವುಟಿ ನೆನೆಸಿ. ಎರಡು ದಿನ ನೀರಲ್ಲೇ ಬಿಟ್ಟರೆ ಉಸಿರು ಕಟ್ಟಿ ಕೊಳೆಯುತ್ತದೆ. ಮಾರ್ನಿಂಗ್ ಗ್ಲೋರಿಗೂ ರಾತ್ರಿ ಅರಳುವ ಮೂನ್‌ಫ್ಲವರ್‌ಗೂ ಇದೇ ಉಪಚಾರ. ಕಾಮಲತೆಗೆ ಒಂದು ರಾತ್ರಿ ನೆನೆಸಿದರೆ ಸಾಕು.

ಇನ್ನು ಕುಂಡ. ಏಪ್ರಿಲ್ ಮಧ್ಯಾಹ್ನ ತಾರಸಿ ಮೇಲಿನ ಕಪ್ಪು ಪ್ಲಾಸ್ಟಿಕ್ ಚೀಲದ ಮಣ್ಣಿಗೆ ಥರ್ಮಾಮೀಟರ್ ಚುಚ್ಚಿದರೆ 45 ಡಿಗ್ರಿ ದಾಟುವುದು ದೊಡ್ಡ ಮಾತಲ್ಲ. ನೆರಳಲ್ಲಿ ಗಾಳಿ 35 ಇದ್ದರೂ ಅಷ್ಟೇ. ಈ ಬಳ್ಳಿಗಳ ಬೀಜಕ್ಕೆ ಬೇಕಾಗಿರುವುದು 20ರಿಂದ 30 ಡಿಗ್ರಿಯ ಮಣ್ಣು. ಹಾಗಾಗಿ ಮೊಳೆಯುವವರೆಗೆ ಕುಂಡವನ್ನು ಮರದಡಿಯಲ್ಲೋ ಪೂರ್ವದ ಸಜ್ಜಾದ ಕೆಳಗೋ ಇಡಿ. ತಾರಸಿಗೆ ಒಯ್ಯುವಾಗ ಎರಡು ಇಟ್ಟಿಗೆ ಕೊಟ್ಟು ಎತ್ತರಿಸಿ, ಕಾಂಕ್ರೀಟಿನ ಕಾವು ನೇರವಾಗಿ ಹತ್ತುವುದಿಲ್ಲ. ಕುಂಡದ ಹೊರಮೈಗೆ ಸುಣ್ಣ ಬಳಿದರೆ ಇನ್ನೂ ಒಳ್ಳೆಯದು. ಮಣ್ಣಿನ ಮೇಲೆ ಎರಡು ಬೆರಳು ದಪ್ಪ ಕಬ್ಬಿನ ತರಗು ಹಾಸಿ. ಮಂಡ್ಯದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಗದ್ದೆ ಬದುವಿನಲ್ಲೇ ಬಿದ್ದಿರುತ್ತದೆ.

ಯಾವಾಗ ಬಿತ್ತಬೇಕು? ಹೊರದೇಶದ ಪೊಟ್ಟಣಗಳ ಮೇಲೆ 'ಹಿಮ ನಿಂತ ಮೇಲೆ ಬಿತ್ತಿ' ಅಂತ ಬರೆದಿರುತ್ತದೆ. ಮೈಸೂರಿನಲ್ಲಿ ಯಾವ ಹಿಮ? ನಮಗೆ ಮಳೆ ನಕ್ಷತ್ರದ ಲೆಕ್ಕವೇ ಸರಿ. ಭರಣಿ ಮಳೆಗೆ ಧರಣಿಯೆಲ್ಲ ಬೆಳೆ ಅಂತಾರಲ್ಲ, ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದ ಆ ಮಳೆ ಬಿದ್ದು ನೆಲ ತಣಿದ ಮೇಲೆ ಶುರು ಮಾಡಿ. ಜೂನ್ ಕೊನೆಯವರೆಗೂ ಬಿತ್ತಬಹುದು. ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿದೆ, ರಾತ್ರಿಯಾದರೂ ತಂಪಾಗುತ್ತದೆ. ಮಂಡ್ಯ ಅದಕ್ಕಿಂತ ತಗ್ಗು, ಸೆಕೆ ಒಂದು ಕೈ ಮೇಲೆ. ಅಲ್ಲಿಯವರು ಇನ್ನೊಂದು ವಾರ ಕಾದರೆ ನಷ್ಟವಿಲ್ಲ. ಸ್ವೀಟ್ ಪೀ ಆಸೆ ಇದ್ದವರು ಮಾತ್ರ ಅಕ್ಟೋಬರಿನಲ್ಲಿ ಬಿತ್ತಿ. ಅದು ಚಳಿಯ ಗಿಡ, ಶಿವರಾತ್ರಿ ಕಳೆದು ಬಿಸಿಲು ಏರಿದರೆ ಮುಗಿಯಿತು.

ಬಳ್ಳಿಗಳ ತಾಯಿಬೇರು ಕಿತ್ತು ನೆಡುವುದನ್ನು ಸಹಿಸುವುದಿಲ್ಲ. ಬೆಳೆಯಬೇಕಾದ ಜಾಗದಲ್ಲೇ ಬಿತ್ತಿ, ಇಲ್ಲವೇ ಕಾಗದದ ಲೋಟದಲ್ಲಿ ಬಿತ್ತಿ, ತಳ ಹರಿದು ಲೋಟದ ಸಮೇತ ನೆಡಿ. ಆಳ ಒಂದು ಸೆಂಟಿಮೀಟರ್ ಸಾಕು. ಕೆಮ್ಮಣ್ಣು, ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ಸಮಸಮ. ಹಸಿ ಗೊಬ್ಬರ ಬೇಡವೇ ಬೇಡ.

ಸಸಿಗಳು ಸಾಯುವುದು ನೀರಿಲ್ಲದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಹತ್ತಿರ ಬರುವ ಸತ್ತ ಸಸಿಗಳಲ್ಲಿ ಹೆಚ್ಚಿನವು ನೀರು ಕುಡಿದೇ ಸತ್ತವು. ಮಾರ್ನಿಂಗ್ ಗ್ಲೋರಿಯ ಅಗಲ ಎಲೆ ಮಧ್ಯಾಹ್ನ ಎರಡು ಗಂಟೆಗೆ ಜೋತುಬೀಳುತ್ತದೆ. ಬೇರು ಎಳೆದುಕೊಳ್ಳುವುದಕ್ಕಿಂತ ಎಲೆಯಿಂದ ಆರಿಹೋಗುವ ನೀರು ಜಾಸ್ತಿಯಾಗುವ ಹೊತ್ತು ಅದು. ಮಣ್ಣು ಒದ್ದೆ ಇದ್ದರೂ ಜೋಲುತ್ತದೆ, ಸಂಜೆ ತಾನೇ ನೆಟ್ಟಗಾಗುತ್ತದೆ. ಅದನ್ನು ಕಂಡು ಒಂದು ಚೊಂಬು ಸುರಿದರೆ, ಸಂಜೆ ಮತ್ತೊಂದು ಚೊಂಬು ಸುರಿದರೆ, ಬುಡ ಕೊಳೆತು ಸಸಿ ಮಲಗುತ್ತದೆ. ಮಣ್ಣಿನಲ್ಲಿ ಬೆರಳು ಇಳಿಸಿ ನೋಡಿ. ಎರಡನೇ ಗೆಣ್ಣಿನವರೆಗೆ ಒಣಗಿದ್ದರೆ ಮಾತ್ರ ನೀರು, ಅದೂ ಬೆಳಗ್ಗೆ.

ಹಬ್ಬಿಸಲು ದಪ್ಪ ಕಂಬ ಕೊಡಬೇಡಿ. ಇವೆಲ್ಲ ಕುಡಿಯಿಂದಲೇ ಸುತ್ತಿಕೊಂಡು ಏರುವ ಬಳ್ಳಿಗಳು. ಹೆಬ್ಬೆರಳಿಗಿಂತ ತೆಳ್ಳಗಿರುವ ಹುರಿಯೋ ಕಡ್ಡಿಯೋ ಇರಲಿ. ಕಬ್ಬಿಣದ ತಂತಿ ಬಿಸಿಲಿಗೆ ಕಾದು ಎಳೆ ಕುಡಿಯನ್ನು ಸುಡುತ್ತದೆ. ತೆಂಗಿನ ನಾರಿನ ಹಗ್ಗ ಒಳ್ಳೆಯದು.

ಎಲೆ ಸೊಂಪಾಗಿದೆ, ಹೂ ಇಲ್ಲ ಅನ್ನುವವರಿಗೆ ಎರಡು ಪ್ರಶ್ನೆ ಕೇಳುತ್ತೇನೆ. ಯೂರಿಯಾ ಹಾಕಿದ್ದೀರಾ? ಸಾರಜನಕ ಹೆಚ್ಚಾದರೆ ಬರೀ ಎಲೆ. ಅದರಲ್ಲೂ ಶಂಖಪುಷ್ಪ ಬೇರಿನ ಗಂಟುಗಳಲ್ಲಿ ತಾನೇ ಸಾರಜನಕ ಹಿಡಿದಿಡುವ ಗಿಡ, ಅದಕ್ಕೆ ಯೂರಿಯಾ ಯಾಕೆ? ಎರಡನೆಯದು, ಯಾವ ಬಳ್ಳಿ? ಮಾರ್ನಿಂಗ್ ಗ್ಲೋರಿಯಲ್ಲಿ ಹಲವು ಬಗೆ ಹಗಲು ಕುಗ್ಗಿದ ಮೇಲೆ ಮೊಗ್ಗು ಹಾಕುತ್ತವೆ. ಜೂನ್‌ನಲ್ಲಿ ಬಿತ್ತಿದ್ದು ದಸರಾ ಹೊತ್ತಿಗೆ ತುಂಬಿಕೊಳ್ಳುತ್ತದೆ. ಅದಕ್ಕೆ ಆಗಸ್ಟಿನಲ್ಲಿ ಗೊಬ್ಬರ ಸುರಿದು ಅವಸರ ಪಡಿಸುವುದು ದಂಡ.

ಎಲ್ಲ ಬಳ್ಳಿಯನ್ನೂ ಬೀಜದಿಂದಲೇ ಮಾಡುತ್ತೇನೆ ಅನ್ನುವ ಹಟವೂ ಬೇಡ. ಮಲ್ಲಿಗೆ, ಬೋಗನ್‌ವಿಲ್ಲಾ ಕಡ್ಡಿಯಿಂದ ಬರಲಿ. ಮೈಸೂರಿನ ಹೆಸರನ್ನೇ ಹೊತ್ತ ಥನ್‌ಬರ್ಜಿಯಾ ಮೈಸೂರೆನ್ಸಿಸ್‌ನ ಕೆಂಪು-ಹಳದಿ ಗೊಂಚಲು ನೋಡಿ ಬೀಜ ಕೇಳಿಕೊಂಡು ಬರುವವರಿದ್ದಾರೆ. ಹೆಸರು ಮೈಸೂರಿನದಾದರೂ ಅದು ಪಶ್ಚಿಮ ಘಟ್ಟದ ತೇವದ ಗಿಡ. ಸುಡುವ ತಾರಸಿ ಅದಕ್ಕಲ್ಲ. ಕಡ್ಡಿಯಿಂದ ಮಾಡಿದ ಸಸಿ ತಂದು ನೆಲದಲ್ಲಿ, ಮಧ್ಯಾಹ್ನದ ನೆರಳು ಸಿಗುವ ಕಡೆ ನೆಡಿ.

ಕಬ್ಬಿನ ಗದ್ದೆ ಪಕ್ಕ ಮನೆ ಇರುವವರಿಗೆ ಒಂದು ಮಾತು. ಮಾರ್ನಿಂಗ್ ಗ್ಲೋರಿಯ ಜಾತಿಯ ಬಳ್ಳಿಗಳು ಕಬ್ಬಿನ ಜಲ್ಲೆಗಳನ್ನು ಒಂದಕ್ಕೊಂದು ಹೆಣೆದುಬಿಡುವ ಕಳೆಗಳು. ಕಾಯಿ ಒಣಗಿ ಸಿಡಿಯುವ ಮೊದಲೇ ಬಿಡಿಸಿಕೊಳ್ಳಿ, ಕಸದ ಜೊತೆ ಗದ್ದೆಗೆ ಎಸೆಯಬೇಡಿ. ಅದರ ಬೀಜ ತಿಂದರೆ ವಿಷ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಮುಂದಿನ ವರ್ಷಕ್ಕೆ ಬೀಜ ಎತ್ತಿಡುವುದಾದರೆ ಕಾಗದದ ಪೊಟ್ಟಣ ಮೇಲು, ಪ್ಲಾಸ್ಟಿಕ್ ಕವರಿನಲ್ಲಿ ಬೆವರಿ ಬೂಷ್ಟು ಹಿಡಿಯುತ್ತದೆ. ಶಂಖಪುಷ್ಪದ ಕಾಯಿ ಕಂದು ಬಣ್ಣಕ್ಕೆ ತಿರುಗಿದ ಹೊಸದರಲ್ಲೇ ಬಿಡಿಸಿ ಬಿತ್ತಿದರೆ, ಸಿಪ್ಪೆ ಇನ್ನೂ ಪೂರ್ತಿ ಬಿಗಿದಿರುವುದಿಲ್ಲ, ಎಷ್ಟೋ ಬೀಜಗಳು ಚಿವುಟದೆಯೇ ಹುಟ್ಟುತ್ತವೆ.